ನಾಟಕದ ಪರವಾನಗಿಯಲ್ಲಿ ಒಬ್ಬರು ಉಮ್ಮ

ಒಂದು ಒಗಟು: ಬಾಯಿ ನಮ್ಮದು, ಮೈಕ್ ನಮ್ಮದು, ಜೀಪೂ ನಮ್ಮದು, ಆದರೂ ಮುದುಕಿಯೊಬ್ಬರು ಕಾಣೆಯಾಗಿದ್ದಾರೆ ಎಂದು ಕೂಗುವ ಹಾಗಿಲ್ಲ. ಯಾಕೆ? ನಿಮಗೆ ಗೊತ್ತಾಗಲಿಕ್ಕಿಲ್ಲ, ಬಿಡಿ.

ಎಂಟನೇ ಕ್ಲಾಸು ಬಿಟ್ಟು ಕಾರ್ಕಳದ ಮೈಕ್ ಅಂಗಡಿ ಸೇರಿದ್ದೆ. ಕಾಪು ಪೇಟೆಯಲ್ಲಿ ನಾಟಕದ ಪ್ರಚಾರ ಮಾಡುತ್ತಿದ್ದಾಗ ಐಸಮ್ಮ ಎಂಬವರು ತಾಯಿಯನ್ನು ಹುಡುಕುತ್ತಾ ಬಂದು ಜೀಪಿಗೆ ಅಡ್ಡ ನಿಂತರು.

"ನನ್ನ ಉಮ್ಮ ಬೆಳಿಗ್ಗೆಯಿಂದ ಕಾಣುವುದಿಲ್ಲ. ಅವರಿಗೆ ಮರೆವು ಉಂಟು. ನೀಲಿ ಸೀರೆ ಉಟ್ಟಿದ್ದಾರೆ. ಮೈಕಿನಲ್ಲಿ ಒಮ್ಮೆ ಹೇಳಿ ಅಣ್ಣಾ."

ಡ್ರೈವರ್ ಸದಾಶಿವಣ್ಣ ತಲೆಯಾಡಿಸಿದರು. "ಪೊಲೀಸರ ಪರವಾನಗಿ ನಾಟಕಕ್ಕೆ ಮಾತ್ರ. ಬೇರೆ ಎಂತ ಹೇಳಿದರೂ ಮೈಕ್ ಹೊತ್ತುಕೊಂಡು ಹೋಗ್ತಾರೆ."

"ಎಂತ ಕರ್ಮ ಮಾರಾಯ್ರೇ!" ಎಂದು ನಾನೇ ಮೈಕ್ ಹಿಡಿದೆ. "ಇಂದಿನ ನಾಟಕದಲ್ಲಿ ನೀಲಿ ಸೀರೆಯ ಮುದುಕಿ ಕಾಣೆ! ಕಂಡವರು ಕೂಡಲೇ ಬಸ್‌ಸ್ಟ್ಯಾಂಡಿಗೆ ಕರೆತನ್ನಿ!"

ಪೇಟೆಯೇ ನಕ್ಕಿತು. ಹುಡುಕಲು ಒಬ್ಬರೂ ಏಳಲಿಲ್ಲ.

"ಮುದುಕಿ ಎಷ್ಟನೇ ಸೀನಿಗೆ ಬರುವುದು?" ಎಂದ ಸೋಡಾ ಅಂಗಡಿಯವ.

"ನಿಜವಾಗಿಯೂ ಕಾಣೆ ಮಾರಾಯಾ! ಇವರು ಅವರ ಮಗಳು!"

ಅವ ಅಳುತ್ತಿದ್ದ ಐಸಮ್ಮನನ್ನು ನೋಡಿ, "ಒಳ್ಳೆ ಆ್ಯಕ್ಟಿಂಗ್" ಎಂದ.

ಸಂಜೆ ನಾಟಕದ ಮುಂದಿನ ಸಾಲಿನಲ್ಲಿ ಉಮ್ಮ ಕಡಲೆ ತಿನ್ನುತ್ತಾ ಕೂತಿದ್ದರು.

ಈ ಕೊನೆ ನಾನು ಕಟ್ಟಿದ್ದು. ನಮ್ಮ ಜೀಪು ಉಡುಪಿಗೆ ಹೋಯಿತು. ಅವರು ಸಿಕ್ಕಿದರೋ ಇಲ್ಲವೋ, ನನಗೆ ಹೇಳಿದವರಿಲ್ಲ. ಹೇಳಲಿಕ್ಕೆ ಐಸಮ್ಮನ ಹತ್ತಿರ ಪರವಾನಗಿ ಇರಲಿಲ್ಲ, ಅಲ್ವಾ?