ಅತ್ತೆ ಎತ್ತಿಟ್ಟ ನೀರಿನ ಬಟ್ಟಲು

ಆಫೀಸಿನಿಂದ ಬಂದು ಬಾಗಿಲು ತೆಗೆದರೆ, ನಮ್ಮ ಮುದಿ ನಾಯಿ ರೂಬಿ ಅಡುಗೆಮನೆಯಲ್ಲಿ ಕುಸಿದು ಬಿದ್ದಿತ್ತು. ಎತ್ತಿ ನಿಲ್ಲಿಸಿದರೂ ನಿಲ್ಲಲಿಲ್ಲ. ಮೈಸೂರಿನಿಂದ ವಿದೇಶದಲ್ಲಿರುವ ನಮ್ಮ ಮನೆಗೆ ಬಂದಿದ್ದ ಅತ್ತೆಯೂ ನಾನೂ ಅದನ್ನು ಕಾರಿನಲ್ಲಿ ಹಾಕಿಕೊಂಡು ಕ್ವೇಕರ್ಸ್ ಹಿಲ್‌ನ ಪ್ರಾಣಿ ಕ್ಲಿನಿಕ್‌ಗೆ ಓಡಿದೆವು. ಹೃದಯದ ತೊಂದರೆಯಿಂದ ರೂಬಿಯ ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದುದಕ್ಕೆ, ಅದನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಯನ್ನು ಹಿಂದೆ ಅಲ್ಲಿಯೇ ಕೊಟ್ಟಿದ್ದರು.

ಡಾಕ್ಟರ್ ಪರೀಕ್ಷಿಸಿ, ಮೈಯಲ್ಲಿ ನೀರಿನ ಅಂಶವೇ ಇಲ್ಲ, ಕುಡಿಯಲು ಕೊಡುತ್ತಿಲ್ಲವೇ ಎಂದು ಕೇಳಿದರು. ಅದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅತ್ತೆಯ ಮುಖ ಬಿಳಿಚಿಕೊಂಡಿತು.

“ನೀನು ಕೆಲಸಕ್ಕೆ ಹೋದ್ಮೇಲೆ ಬಟ್ಟಲು ಎತ್ತಿಡ್ತಿದ್ದೆ ಕಣೇ. ಕಾರ್ಪೆಟ್ ಮೇಲೆಲ್ಲ ಉಚ್ಚೆ ಮಾಡ್ತಿತ್ತು. ನೀರು ಕುಡೀದಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ನಾನೂ ಹಾಗೇ ತಾನೆ ಮಾಡ್ತಿರೋದು?”

ಕಾಲಿನ ಊತಕ್ಕೆಂದು ಅತ್ತೆಯೂ ಅಂಥದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೊರಗೆ ಹೋದಾಗ ಪದೇ ಪದೇ ಟಾಯ್ಲೆಟ್ ಎಲ್ಲಿ ಎಂದು ಕೇಳಲು ನಾಚಿಕೊಂಡು, ನೀರು ಕುಡಿಯುವುದನ್ನೇ ಹೆಚ್ಚುಕಡಿಮೆ ಬಿಟ್ಟುಬಿಟ್ಟಿದ್ದಾರೆಂದು ಆಗ ಗೊತ್ತಾಯಿತು. ಎದ್ದು ನಿಂತರೆ ತಲೆ ಸುತ್ತುತ್ತಿದ್ದುದನ್ನೂ ನಮಗೆ ಹೇಳಿರಲಿಲ್ಲ. ರೂಬಿಗೆ ಡ್ರಿಪ್ ಹಾಕಿಸಿ, ಅಲ್ಲಿಂದ ನೇರವಾಗಿ ಅವರನ್ನು ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬಿಪಿ ತೀರಾ ಇಳಿದಿತ್ತು. ಆ ಡಾಕ್ಟರ್ ಅವರನ್ನು ಮನೆಗೆ ಬಿಡದೆ ಆಸ್ಪತ್ರೆಗೇ ಕಳಿಸಿದರು.

ಇಬ್ಬರೂ ಚೇತರಿಸಿಕೊಂಡರು. ಆದರೆ ಪ್ರಾಣಿಗಳ ಡಾಕ್ಟರ್ ಅಂದು ಆ ಒಂದು ಪ್ರಶ್ನೆ ಕೇಳದೆ ಹೋಗಿದ್ದರೆ ಅತ್ತೆ ಬಾಯೇ ಬಿಡುತ್ತಿರಲಿಲ್ಲ.