ಗೇಣುದ್ದದ ದವನ

ದವನದಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರುಗಟ್ಟಿರುತ್ತಿತ್ತು. ಮಧುಗಿರಿ ಬಸ್ ಸ್ಟ್ಯಾಂಡಿನ ಬದಿಯಲ್ಲಿ ದವನದ ಸಸಿ ಮಾರುತ್ತಿದ್ದ ಆಕೆ, ಗಿರಾಕಿಯ ಎದುರಿಗೇ ಪ್ರತಿ ಸಸಿಗೂ ಗೇಣು ಹಾಕುತ್ತಿದ್ದಳು. ಗೇಣು ಮೀರಿದ್ದನ್ನು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ. "ಎತ್ತರ ನೋಡಿ ಮೋಸ ಹೋಗ್ಬ್ಯಾಡ ಕಣಮ್ಮ. ಬೆಳೆದಿದ್ದ ಕಿತ್ತು ನೆಟ್ರೆ ಮುನಿಸ್ಕೊಂತದೆ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹಂಗಾಮಿ ಟೀಚರು. ಇನ್ಸ್‌ಪೆಕ್ಟರು ಬರುವುದಕ್ಕೆ ನಾಲ್ಕೇ ದಿನವಿತ್ತು. "ತೋಟ ತುಂಬಿರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಖಾಯಂ ಮಾಡಿ ಅಂತ ನಾನು ಬರೆಯೋದಿಲ್ಲ" ಎಂದಿದ್ದರು ಬೆಂಗಳೂರಿನಿಂದ ಬಂದಿದ್ದ ಹೆಡ್‌ಮೇಡಂ. ಗೇಣುದ್ದದ ಸಸಿಯಿಂದ ನಾಲ್ಕು ದಿನದಲ್ಲಿ ತೋಟ ತುಂಬೀತೇ? ಅಜ್ಜಿಯ ಮೇಲೆ ರೇಗಿ, ಶಿರಾದಿಂದ ಮೊಳದುದ್ದದ ಗಿಡಗಳನ್ನು ಬಸ್ಸಿನ ಟಾಪಿನ ಮೇಲೆ ತರಿಸಿ ನೆಟ್ಟೆ. ಎಂಥ ದಡ್ಡಿ ನಾನು!

ಮೂರನೆಯ ಬೆಳಿಗ್ಗೆ ಎಲ್ಲವೂ ಜೋತುಬಿದ್ದಿದ್ದವು. ನೀರು ಹೊಯ್ದಷ್ಟೂ ಬಾಡಿದವು. ಇನ್ಸ್‌ಪೆಕ್ಟರು ಬರುವ ದಿನ ಬೇರೆ ದಾರಿ ಕಾಣದೆ ಅಜ್ಜಿಯ ಮುಂದೆ ಹೋಗಿ ನಿಂತೆ. ಆಕೆ ಕುಡುಗೋಲು ಹಿಡಿದು ಹೊರಟಳು. ಬಂದವಳೇ ಗಿಡಗಳ ತಲೆ ಕತ್ತರಿಸತೊಡಗಿದಳು.

"ಅಯ್ಯೋ, ಏನಜ್ಜಿ ಇದು! ಇನ್ನರ್ಧ ಗಂಟೆಗೆ ಬಂದುಬಿಡ್ತಾರೆ!"

"ಬರ್ಲಿ ಬುಡವ್ವ. ಮೊದ್ಲು ಬೇರು ಉಳೀಲಿ."

ಇನ್ಸ್‌ಪೆಕ್ಟರು ಬಂದಾಗ ತೋಟದ ತುಂಬ ಬರೀ ಮೋಟು. "ಇದೇನ್ರೀ? ಯಾರ ಕೆಲಸ ಇದು?" ಎಂದರು. ಹೆಡ್‌ಮೇಡಂ ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಅಜ್ಜಿ ಎದ್ದು ನಿಂತಳು.

"ನಂದೇ ಸ್ವಾಮಿ. ಮೇಡಮ್ಮೋರು ಎಳೇದೇ ಕೇಳಿದ್ರು, ನಾನೇ ಬಲಿತಿದ್ದ ಕೊಟ್ಬುಟ್ಟೆ. ಬಾಡ್ದವು, ಅದ್ಕೇ ಕತ್ತರಿಸ್ದೆ."

ನಾನು ಬಾಯಿ ಬಿಡಲಿಲ್ಲ.

ಮೋಟುಗಳು ತಿಂಗಳೊಳಗೆ ಚಿಗುರಿದವು. ಮುಂದೆ ನನ್ನ ಕೆಲಸವೂ ಖಾಯಮಾಯಿತು. ಹೆಡ್‌ಮೇಡಂ ಮಾತ್ರ ಅಜ್ಜಿಯನ್ನು ಮತ್ತೆ ಶಾಲೆಯ ಗೇಟಿನೊಳಕ್ಕೆ ಬಿಡಲಿಲ್ಲ. ನಾನು ಆ ಸುಳ್ಳಿನ ಮಾತೆತ್ತಿದಾಗಲೆಲ್ಲ ಅಜ್ಜಿ, "ಬುಡವ್ವ, ಬಿಸ್ಲು ಏರ್ತದೆ, ಹೋಗು" ಎಂದು ಕಳಿಸಿಬಿಡುತ್ತಿದ್ದಳು.

ಆಕೆ ತೀರಿಕೊಂಡಾಗ ನಾನು ಪಾವಗಡದಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆಕೆಯ ಮಗಳ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ನಾಚಿಕೆಯಿಂದ ಅಳು ಬಂತು.

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಊರಿಗೇ ಗೊತ್ತು ಬುಡಿ ಮೇಡಮ್ಮೋರೆ. ಗೇಣು ಮೀರಿದ್ ಗಿಡವ ನಮ್ಮವ್ವ ಯಾವತ್ತಾರ ಮಾರಿದ್ದುಂಟಾ?"