ಗೋಪುರ ಎದ್ದಿತು, ಕಟ್ಟೆ ಬರಲಿಲ್ಲ

ಕೋವಿಡ್ ಮುಗಿದು ಜನ ಮತ್ತೆ ಧೈರ್ಯವಾಗಿ ಸಂತೆಗೆ ಬರತೊಡಗಿದ್ದ ಕಾಲ ಅದು. ನಾನಾಗ ಚಿಕ್ಕಬಳ್ಳಾಪುರದಲ್ಲಿ, ಹಳೆಯ ಕಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡುವ ಸಣ್ಣ ಕಚೇರಿಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವಾಗ ಸಿಗುವ ಒಂದು ಊರಿನಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿಗಿದ್ದ ಗಡಿಯಾರದ ಗೋಪುರವನ್ನು ಬಾಂಬ್ ಇಟ್ಟು ಉರುಳಿಸಿದ್ದರು. ಊರಿನ ಹೆಸರು ಬರೆಯುವುದಿಲ್ಲ; ಟೀವಿಯಲ್ಲಿ ಅದನ್ನು ಕೇಳಿ ಕೇಳಿ ಅಲ್ಲಿಯವರಿಗೆ ಸಾಕಾಗಿದೆ. ಯಾರು ಇಟ್ಟರು, ಏಕೆ ಇಟ್ಟರು ಎಂಬುದು ಇನ್ನೂ ಕೋರ್ಟಿನಲ್ಲಿದೆ. ಗೋಪುರವನ್ನು ಮತ್ತೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಅದನ್ನು ತಂದುಕೊಟ್ಟವರು ನಮ್ಮ ಕಚೇರಿಯ ಯಜಮಾನರಾದ ಶ್ರೀಧರ ಸರ್. ಕಾಲೇಜಿನಿಂದ ನೇರವಾಗಿ ಬಂದಿದ್ದ ನನಗೆ, ಕಲ್ಲನ್ನು ತಟ್ಟಿ ಸದ್ದಿನಲ್ಲೇ ಒಳಗಿನ ಬಿರುಕನ್ನು ಗುರುತಿಸುವುದನ್ನು ಕಲಿಸಿದವರು ಅವರೇ. ಊರಿನವರು ಮಾಡಿಕೊಂಡಿದ್ದ ಪುನರ್ನಿರ್ಮಾಣ ಸಮಿತಿ ಅವರನ್ನು ಸಲಹೆಗಾರರನ್ನಾಗಿ ನೇಮಿಸಿತು. "ಇದು ನಿನ್ನ ಕೆಲಸ ಕಣಮ್ಮ. ನಾನು ಬರೀ ಸಹಿ ಹಾಕೋನು" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಖುಷಿಯಾಯಿತು.

ಮೊದಲ ದಿನ ಸ್ಥಳಕ್ಕೆ ಹೋದಾಗ ಗೋಪುರದ ಬುಡ ಮಾತ್ರ ಉಳಿದಿತ್ತು. ಅದರ ಸುತ್ತ ಇದ್ದ ಕಲ್ಲಿನ ಕಟ್ಟೆ ಚೆಲ್ಲಾಪಿಲ್ಲಿಯಾಗಿತ್ತು. ಕಟ್ಟೆಯ ಚಪ್ಪಡಿಯ ಕೆಳಗೆ ಟೀ ಅಂಗಡಿಯವನು ಪಾತ್ರೆ ಇಡುತ್ತಿದ್ದ ಒಂದು ಪೊಳ್ಳು ಜಾಗವಿತ್ತಂತೆ. ಬ್ಯಾಗನ್ನು ಅಲ್ಲಿಗೇ ತಳ್ಳಿದ್ದರು. ಮೇಲೆ ಕುಳಿತಿದ್ದವರಲ್ಲಿ ಇಬ್ಬರು ಸತ್ತರು. ಒಬ್ಬ ಗೂಡು ಬೆಳೆಯುವ ಮುನಿಯಪ್ಪನವರ ತಮ್ಮ. ಇನ್ನೊಬ್ಬ ಬಾಬಾಜಾನ್ ಸಾಹೇಬರ ಅಳಿಯ. ಬಾಬಾಜಾನ್ ರೀಲರ್, ಅಂದರೆ ರೈತರಿಂದ ಗೂಡು ಕೊಂಡು ನೂಲು ತೆಗೆಸುವವರು. ಅಳಿಯನೂ ಅವರ ಜೊತೆಗೇ ಕೆಲಸ ಮಾಡುತ್ತಿದ್ದ.

ಬಾಂಬ್ ಸಿಡಿದ ದಿನದಿಂದ, ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂದು, ರೈತರು ರಸ್ತೆಯ ಈ ಬದಿ, ರೀಲರುಗಳು ಆ ಬದಿ. ಜಗಳವೇನೂ ಆಗಿರಲಿಲ್ಲ. ವ್ಯಾಪಾರವೂ ನಡೆಯುತ್ತಿತ್ತು. ಆದರೆ ಯಾರೂ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ.

ಸಮಿತಿಯವರು ಗಡಿಯಾರದ ಬಗ್ಗೆಯೇ ಮಾತಾಡುತ್ತಿದ್ದರು: ಎಷ್ಟು ದೊಡ್ಡದಿರಬೇಕು, ರಾತ್ರಿ ಯಾವ ಬಣ್ಣದ ಲೈಟು ಹಾಕಬೇಕು. ಗಡಿಯಾರ ಹೇಗಿರಬೇಕೆಂದು ನಾನು ಮುನಿಯಪ್ಪನವರನ್ನು ಕೇಳಿದೆ. ಅವರಿಗೆ ನಗು ಬಂತು. "ಆ ಗಡಿಯಾರ ನಿಂತೋಗಿ ಯಾವ್ ಕಾಲ ಆಯ್ತೋ. ನಮಗೆ ಟೈಮ್ ಬ್ಯಾಡಮ್ಮ, ಕಟ್ಟೆ ಬೇಕು" ಎಂದರು.

ಕಟ್ಟೆ ಏಕೆ ಬೇಕೆಂಬುದು ಆಮೇಲೆ ತಿಳಿಯಿತು. ಮಾರುಕಟ್ಟೆಯ ಒಳಗೆ ಹರಾಜು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಹೊರಗೆ ಕುರಿ, ಹಸು, ಹಿಪ್ಪುನೇರಳೆ ಸೊಪ್ಪಿನ ವ್ಯಾಪಾರ ಇವತ್ತಿಗೂ ಟವಲಿನ ಕೆಳಗೇ ಕುದುರುತ್ತದೆ. ಇಬ್ಬರು ಪಕ್ಕಪಕ್ಕ ಕೂತು, ಕೈಗಳ ಮೇಲೆ ಟವಲು ಹೊದಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಊರಿನ ಅರ್ಧ ಸ್ನೇಹ, ಅರ್ಧ ಮುನಿಸು ಹುಟ್ಟಿದ್ದು ಆ ಕಟ್ಟೆಯ ಮೇಲೆಯೇ.

ಕಟ್ಟೆಯ ಹಳೆಯ ಅಳತೆ ಎಲ್ಲೂ ಸಿಗಲಿಲ್ಲ. ಫೋಟೋಗಳಲ್ಲೆಲ್ಲ ಗೋಪುರವಿತ್ತು, ಕಟ್ಟೆಯನ್ನು ಜನ ಮರೆಮಾಡಿದ್ದರು. ಕೊನೆಗೆ ನಾನು ಇಟ್ಟಿಗೆ ಜೋಡಿಸಿ, ಮುನಿಯಪ್ಪ ಮತ್ತು ಬಾಬಾಜಾನ್ ಇಬ್ಬರನ್ನೂ ಕರೆದು, ಒಂದು ಕುರಿಯ ವ್ಯಾಪಾರ ಮಾಡಿ ತೋರಿಸಿ ಎಂದು ಕೇಳಿಕೊಂಡೆ. ಬಾಬಾಜಾನ್ ಹಿಂದೆ ಮುಂದೆ ನೋಡುತ್ತ ನಿಂತರು. ಮುನಿಯಪ್ಪ ತೆಲುಗಿನಲ್ಲಿ "ದಾ, ಕೂರ್ಚೋ", ಬಾ ಕೂತ್ಕೋ, ಎಂದು ಪಕ್ಕದ ಇಟ್ಟಿಗೆ ತಟ್ಟಿದರು. ಬಾಬಾಜಾನ್ ಬಂದು ಕೂತರು. ಎತ್ತರ ಜಾಸ್ತಿಯಾಯಿತು ಎಂದರು, ಒಂದು ವರಸೆ ತೆಗೆಸಿದೆ. ಈಗ ಸರಿ ಎಂದರು. ನಾನು ಟೇಪು ಹಿಡಿದು ಅಳೆದು ಮುಗಿಸಿದರೂ ಟವಲಿನ ಕೆಳಗೆ ಅವರ ಕೈಗಳು ಹಾಗೇ ಇದ್ದವು. ಬಾಬಾಜಾನ್ ಕಣ್ಣು ಒರೆಸಿಕೊಂಡರು.

ಏಳುವಾಗ ಮುನಿಯಪ್ಪ ನನ್ನನ್ನು ಕೇಳಿದರು: "ಕಟ್ಟೆ ಬತ್ತೈತಲ್ವೇನಮ್ಮ?"

"ಬರುತ್ತೆ. ನಾನಿದೀನಲ್ಲ" ಎಂದೆ.

ಕಟ್ಟೆಯ ಕೆಳಗೆ ಮತ್ತೆ ಯಾರಾದರೂ ಬಾಂಬ್ ಇಟ್ಟಾರೆಂಬ ಸಮಿತಿಯವರ ಭಯ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಹೊಸ ಕಟ್ಟೆಯ ವಿನ್ಯಾಸದಲ್ಲಿ ಪೊಳ್ಳು ಎಲ್ಲೂ ಇರದಂತೆ ನೋಡಿಕೊಂಡೆ. ಒಳಗೆಲ್ಲ ಗಟ್ಟಿ ಕಲ್ಲು, ಒಂದು ಕೈಚೀಲ ತುರುಕಲೂ ಸಂದಿಯಿಲ್ಲ. ಗೋಪುರದ ಕಲ್ಲುಗಳನ್ನು ಒಂದಕ್ಕೊಂದು ಬಿಗಿಯಲು ಡೋವೆಲ್, ಅಂದರೆ ಒಳಗೇ ಕೂರುವ ಸ್ಟೀಲ್ ಮೊಳೆಗಳು. ಬಿದ್ದ ಕಲ್ಲಿಗೆಲ್ಲ ಬಿಳಿ ಪೇಂಟಿನಲ್ಲಿ ನಂಬರು ಬರೆಸಿದೆ. ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಕಟ್ಟೆಯ ಕಲ್ಲುಗಳನ್ನು ಗಾರೆ ಹಾಕದೆ ಜೋಡಿಸಿ ನೋಡಿದೆವು. ಇದಕ್ಕೆ ನಾವು ಡ್ರೈ ಅಸೆಂಬ್ಲಿ ಎನ್ನುತ್ತೇವೆ. ಎಲ್ಲ ಹೊಂದಿತು. ಶ್ರೀಧರ ಸರ್ ಬಂದು ಅದರ ಮೇಲೆ ಕೂತು ಟೀ ಕುಡಿದು, ನನ್ನ ನಕ್ಷೆಗೆ ಅಲ್ಲೇ ಸಹಿ ಹಾಕಿದರು.

ಗೋಪುರದ ಒಡೆದುಹೋಗಿದ್ದ ಕಲ್ಲುಗಳ ಬದಲಿಗೆ ಹೊಸವನ್ನು ಕೆತ್ತಿಸಲು ಸರ್ ನನ್ನನ್ನು ಅವಸರ ಮಾಡಿ ಗೌರಿಬಿದನೂರಿನ ಕಡೆ ಕಳಿಸಿದರು, ಅಲ್ಲೇ ಕೆಲವು ದಿನ ಉಳಿಯಬೇಕಾಯಿತು. ಲಾರಿಯ ಜೊತೆ ವಾಪಸು ಬಂದು ನೋಡಿದರೆ, ಕಟ್ಟೆ ಬರಬೇಕಾದ ಜಾಗದಲ್ಲಿ ಕಾಂಕ್ರೀಟು ಹಾಕಿ ಕಬ್ಬಿಣದ ಕಂಬಗಳನ್ನು ನಿಲ್ಲಿಸಿದ್ದರು. ಗೋಪುರದ ಸುತ್ತ ಆಳೆತ್ತರದ ಬೇಲಿ, ಬೀಗ ಹಾಕುವ ಗೇಟು. ಮೇಸ್ತ್ರಿಯನ್ನು ಕೇಳಿದರೆ ತಬ್ಬಿಬ್ಬಾದ. ನಕ್ಷೆ ಬದಲಾಗಿದೆ, ನಿಮ್ಮ ಆಫೀಸಿನದೇ ನಕ್ಷೆ ಎಂದ. ತರಿಸಿ ನೋಡಿದೆ. ನಾನು ಬರೆದದ್ದೇ. ಕಟ್ಟೆಯನ್ನು ಮಾತ್ರ ಅಳಿಸಿದ್ದರು. ಕೆಳಗೆ ನನ್ನ ಹೆಸರು ಹಾಗೇ ಇತ್ತು.

ಅಲ್ಲಿಂದ ನೇರವಾಗಿ ಕಚೇರಿಗೆ ಹೋದೆ. ಶ್ರೀಧರ ಸರ್ ತಲೆ ಎತ್ತಲಿಲ್ಲ. "ಸಮಿತಿಯೋರು ಹೆದರಿದಾರಮ್ಮ. ಜನ ಕೂರೋ ಜಾಗ ಇದ್ರೆ ತಾನೇ ಮತ್ತೆ ಬಾಂಬ್ ಇಡೋದು ಅಂತಾರೆ. ನಿನಗೆ ಹೇಳಿದ್ರೆ ಒಪ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ" ಎಂದರು.

ಗೌರಿಬಿದನೂರಿಗೆ ನನ್ನನ್ನು ಅವಸರ ಮಾಡಿ ಕಳಿಸಿದ್ದು ಏಕೆಂದು ಈಗ ಅರ್ಥವಾಯಿತು. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನಾನಿಲ್ಲದಾಗ ಊರಿನವರು ಕಟ್ಟೆ ಎಲ್ಲಿ ಎಂದು ಗಲಾಟೆ ಮಾಡಿದ್ದರಂತೆ. ಆಗ ಸರ್, ಕಟ್ಟೆ ಅಪಾಯ ಎಂದು ನಮ್ಮ ಮೇಡಮ್ಮೇ ತೀರ್ಮಾನ ಮಾಡಿದ್ದಾರೆ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದಾರೆ ಎಂದು ಸಮಾಧಾನ ಹೇಳಿದ್ದರು. ನನ್ನ ಹೆಸರು ಕೇಳಿ ಜನ ಸುಮ್ಮನಾದರು. ಊರಿನವರು ನನ್ನ ಮೇಲೆ ಇಟ್ಟಿದ್ದ ನಂಬಿಕೆಯನ್ನೇ ಅವರ ಬಾಯಿ ಮುಚ್ಚಿಸಲು ಸರ್ ಬಳಸಿಕೊಂಡಿದ್ದರು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಏನೆಂದು ಅವತ್ತು ತಿಳಿಯಿತು.

ಸಮಿತಿಯವರ ಬಾಗಿಲಿಗೂ ಹೋದೆ. ಬೇಲಿಯ ಕೆಲಸ ಮುಗಿಯುತ್ತಾ ಬಂದಿದೆ, ಇನ್ನೇಕೆ ರಾದ್ಧಾಂತ ಎಂದರು. ಕೆಲಸ ಬಿಟ್ಟೆ. ನನ್ನ ಹೆಸರು ತೆಗೆಯಿರಿ ಎಂದು ಕೇಳಿಕೊಂಡೆ. ಉದ್ಘಾಟನೆಯ ದಿನ ನೋಡಿದರೆ, ಗೇಟಿನ ಪಕ್ಕದ ಕಲ್ಲಿನಲ್ಲಿ ಶ್ರೀಧರ ಸರ್ ಹೆಸರಿನ ಕೆಳಗೆ ನನ್ನದನ್ನೂ ಚೆಂದವಾಗಿ ಕೊರೆಸಿದ್ದರು. ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಎದುರಿಗೆ ಹಾಕಿದ್ದ ಕುರ್ಚಿಗಳು ಅರ್ಧಕ್ಕರ್ಧ ಖಾಲಿಯಿದ್ದವು.

ಜನ ಎಲ್ಲಿ ಎಂದು ಹುಡುಕುತ್ತ ಮಾರುಕಟ್ಟೆಯ ಹಿಂದಕ್ಕೆ ಹೋದೆ. ನಾವು ಜೋಡಿಸಿ ನೋಡಿದ್ದ ಕಟ್ಟೆಯ ಕಲ್ಲುಗಳು ಬಯಲಿನಲ್ಲಿ ಹಾಗೇ ಇದ್ದವು. ಅದರ ಮೇಲೆ ರೈತರೂ ರೀಲರುಗಳೂ ಸಾಲಾಗಿ ಕೂತಿದ್ದರು. ಮುನಿಯಪ್ಪ, ಬಾಬಾಜಾನ್ ಪಕ್ಕಪಕ್ಕ ಇದ್ದರು. ನಡುವೆ ಟವಲಿತ್ತು. ಅವರ ಕಾಲುಗಳ ಸಂದಿಯಲ್ಲಿ ನಾನು ಬರೆಸಿದ್ದ ಬಿಳಿ ನಂಬರುಗಳು ಕಾಣುತ್ತಿದ್ದವು. ನನ್ನನ್ನು ನೋಡಿ ಮುನಿಯಪ್ಪ ಟವಲು ತೆಗೆದು ಹೆಗಲಿಗೆ ಹಾಕಿಕೊಂಡರು.

ನನ್ನದೇನೂ ತಪ್ಪಿಲ್ಲ, ನನಗೂ ಮೋಸವಾಗಿದೆ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಬಾಬಾಜಾನ್ ನೆಲ ನೋಡುತ್ತಿದ್ದರು. ಮುನಿಯಪ್ಪ ಪೂರ್ತಿ ಕೇಳಿಸಿಕೊಂಡು, "ನಿಮ್ ಹೆಸ್ರು ಕಲ್ಲಲ್ಲೇ ಐತಲ್ಲಮ್ಮ" ಎಂದರು. ಆಮೇಲೆ ಕೂತಿದ್ದ ಕಲ್ಲನ್ನು ತಟ್ಟಿ ಕೇಳಿದರು: "ಇವನ್ನೂ ಎತ್ತಿಸ್ಕೊಂಡೋಗಕ್ಕೆ ಬಂದ್ರಾ?"

ಇಲ್ಲ ಎಂದೆ. ಅವರು ತಲೆಯಾಡಿಸಿದರು. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ.

ಶ್ರೀಧರ ಸರ್ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈಗ ನನ್ನದೇ ಪುಟ್ಟ ಕಚೇರಿಯಿದೆ. ಕೆಡವಿದ್ದನ್ನು ಮತ್ತೆ ಕಟ್ಟುವುದು ಹೇಗೆ ಎಂದು ಹೊಸಬರು ಕೇಳಿದರೆ, ಜನ ಅಲ್ಲಿ ಏನು ಮಾಡುತ್ತಿದ್ದರೋ ಅದನ್ನು ಮೊದಲು ವಾಪಸು ಕೊಡಿ, ಎತ್ತರದ್ದು ಆಮೇಲೆ ಎನ್ನುತ್ತೇನೆ. ಇನ್ನೊಂದು ಪಾಠವೂ ಇದೆ. ಬರುತ್ತಲ್ವಾ ಎಂದು ಈಗಲೂ ಜನ ಕೇಳುತ್ತಾರೆ. ಕೊನೆಯ ಸಹಿ ನನ್ನದಲ್ಲದ ಕೆಲಸದಲ್ಲಿ ನಾನು ಬರುತ್ತೆ ಎನ್ನುವುದಿಲ್ಲ.